ಮೌಲ್ಯಗಳ ರಕ್ಷಣೆಗಾಗಿ ಒಂದು ಅಪಹರಣ

1997ನೆಯ ಇಸವಿಯಲ್ಲಿ ನನಗೆ ನಲವತ್ತೇಳು ವರ್ಷ. ಈ ವಯಸ್ಸಿಗೊಂದು ವಿಶೇಷ ಗುಣವಿದೆ. ತನ್ನಲ್ಲಿ ತಿದ್ದಿಕೊಳ್ಳಬೇಕಾದದ್ದು ಇನ್ನೇನೂ ಉಳಿದಿಲ್ಲವೆಂಬ ನಂಬಿಕೆ ಮನುಷ್ಯನಿಗೆ ಆ ಹೊತ್ತಿಗೆ ಗಟ್ಟಿಯಾಗಿರುತ್ತದೆ. ಇತರರಲ್ಲಿ ತಿದ್ದಬೇಕಾದದ್ದು ಬೇಕಾದಷ್ಟಿದೆ ಎಂಬುದೂ ಆಗಲೇ ಕಣ್ಣಿಗೆ ಕಾಣತೊಡಗುತ್ತದೆ. ನನ್ನ ವಿಷಯದಲ್ಲಿ ಈ ರೋಗ ಸ್ವಲ್ಪ ಬೇಗನೇ ತಗುಲಿತ್ತೆನ್ನಬೇಕು. ಧಾರವಾಡದ ಕಡೆಯ ಒಂದು ಹೈಸ್ಕೂಲಿನಲ್ಲಿ ಕೆಲವು ವರ್ಷ ಕನ್ನಡ ವ್ಯಾಕರಣ ಕಲಿಸಿ, ಅನಂತರ ಪರೀಕ್ಷೆ ಬರೆದು ಕೇಂದ್ರ ಸರ್ಕಾರದ ಕಚೇರಿಯೊಂದನ್ನು ಸೇರಿ, ವರ್ಗವಾಗಿ ನಾಗಪುರಕ್ಕೆ ಬಂದವನು ನಾನು. ಶಾಲೆ ಬಿಟ್ಟರೂ ಶಾಲೆಯ ಕೆಂಪು ಪೆನ್ಸಿಲು ನನ್ನ ಅಂಗಿಯ ಜೇಬನ್ನು ಬಿಟ್ಟಿರಲಿಲ್ಲ. ಕಚೇರಿಯ ಟಿಪ್ಪಣಿಗಳನ್ನೂ ಮದುವೆಯ ಕರೆಯೋಲೆಗಳನ್ನೂ ನಾನು ತಿದ್ದಿಯೇ ಕೆಳಗಿಡುತ್ತಿದ್ದೆ. ಹೆಂಡತಿಯ ತವರಿನವರು ನನ್ನನ್ನು ಇಂದಿಗೂ ‘ಮಾಸ್ತರು’ ಎಂದೇ ಕರೆಯುತ್ತಾರೆ. ಅದು ಗೌರವದ ಮಾತೆಂದು ನಾನು ಬಹುಕಾಲ ತಿಳಿದಿದ್ದೆ.

ಮನೀಶ್ ನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಪ್ಲಾಟುಗಳೇ ಹೆಚ್ಚು. ಅಲ್ಲಿನ ಒಂದು ಫ್ಲ್ಯಾಟಿನಲ್ಲಿ ನಾನು, ನನ್ನ ಹೆಂಡತಿ ಗಿರಿಜಾ, ಮಗಳು ಶೈಲಾ ಮೂವರೂ ಇದ್ದೆವು. ಶೈಲಾ ಸಮೀಪದಲ್ಲೇ ಇದ್ದ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷಕ್ಕೆ ಕಾಲಿಟ್ಟಿದ್ದಳು. ಆ ಕಾಲದಲ್ಲಿ ಅಲ್ಲಿನ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ನೇರ ಚುನಾವಣೆ ಇರಲಿಲ್ಲ. ಹೊಡೆದಾಟಗಳಿಂದ ಬೇಸತ್ತು ಸರ್ಕಾರದವರು ಅದನ್ನು ನಿಲ್ಲಿಸಿ, ಹಿಂದಿನ ಪರೀಕ್ಷೆಯಲ್ಲಿ ತರಗತಿಗೆ ಮೊದಲು ಬಂದವರೇ ಆ ತರಗತಿಯ ಪ್ರತಿನಿಧಿ ಎಂದು ವಿಧಿಸಿದ್ದರು. ಈ ಪ್ರತಿನಿಧಿಗಳೆಲ್ಲ ಕೂಡಿ ತಮ್ಮೊಳಗೊಬ್ಬರನ್ನು ಕಾರ್ಯದರ್ಶಿಯಾಗಿ ಆರಿಸಿ, ವಾರ್ಷಿಕೋತ್ಸವ, ಕ್ರೀಡೆ, ವಿದ್ಯಾರ್ಥಿನಿಯರ ವಿಭಾಗ ಮುಂತಾದ ಹೊಣೆಗಳನ್ನು ಹಂಚಿಕೊಳ್ಳಬೇಕು. ಓದುವವರು ನಾಯಕರಾದರೆ ಕಾಲೇಜು ಶಾಂತವಾಗಿರುತ್ತದೆ ಎಂಬುದು ಈ ನಿಯಮದ ಹಿಂದಿನ ಆಲೋಚನೆ. ನಡೆದದ್ದು ಮಾತ್ರ ಬೇರೆ. ರಕ್ತದಲ್ಲೇ ನಾಯಕತ್ವವಿದ್ದ ಹುಡುಗರು ವಿಧಿಯಿಲ್ಲದೆ ಓದತೊಡಗಿದರು. ಓದಿಕೊಂಡು ತಮ್ಮ ಪಾಡಿಗೆ ತಾವಿದ್ದ ಹುಡುಗಿಯರು ವಿಧಿಯಿಲ್ಲದೆ ನಾಯಕಿಯರಾದರು. ನಿತಿನ್ ಎಂಬ ಬಿ.ಕಾಂ. ಹುಡುಗ ಮೊದಲ ಗುಂಪಿಗೆ ಸೇರಿದವನು. ಮೋಟರ್‌ಸೈಕಲ್ಲಿನ ಮೇಲೆ ಬೆಳೆದ ಅವನು ಕಾರ್ಯದರ್ಶಿಯಾಗಬೇಕೆಂಬ ಒಂದೇ ಹಟದಿಂದ ಇಡೀ ವರ್ಷ ಅದರಿಂದ ಇಳಿದು ಕುಳಿತು ಓದಿ, ತರಗತಿಗೆ ಮೊದಲಿಗನಾಗಿದ್ದನಂತೆ. ನನ್ನ ಮಗಳು ಎರಡನೆಯ ಗುಂಪಿನವಳು. ನಾಯಕತ್ವ ಅವಳಿಗೆ ನೆಗಡಿಯಂತೆ ಬಂತು: ಕರೆಯದೆ, ಕೇಳದೆ, ಒಂದು ಬೆಳಿಗ್ಗೆ.

ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಸಂಗತಿ. ಆ ಕಾಲೇಜಿನಲ್ಲಿ ಹುಡುಗಿಯರಿಗೆಂದು ಒಂದು ಕೋಣೆಯಿತ್ತು. ಬಾಗಿಲ ಮೇಲೆ ‘ಲೇಡೀಸ್ ರೂಮ್’ ಎಂಬ ಫಲಕವೂ ಇತ್ತು. ಒಳಗೆ ಮಾತ್ರ ಕ್ರಿಕೆಟ್ ತಂಡದ ಮ್ಯಾಟು, ಸ್ಟಂಪು, ಪ್ಯಾಡು, ಹರಿದ ನೆಟ್ಟು ಎಲ್ಲ ತುಂಬಿದ್ದವು. ಬೀಗದ ಕೈಯೂ ಆಟದವರ ಬಳಿಯೇ. ಪಾಠಕ್ಕೂ ಪ್ರಾಕ್ಟಿಕಲ್ಲಿಗೂ ನಡುವೆ ಹುಡುಗಿಯರು ಮೆಟ್ಟಿಲ ತಿರುವಿನಲ್ಲಿ ನಿಂತು, ಡಬ್ಬಿಯ ಮುಚ್ಚಳವನ್ನು ಬಗಲಲ್ಲಿ ಒತ್ತಿಕೊಂಡು ಊಟ ಮಾಡಬೇಕಾಗಿತ್ತು. ಹತ್ತಿಳಿಯುವ ಹುಡುಗರು ಅವರ ಪಲ್ಯದ ಬಗ್ಗೆ ಅಭಿಪ್ರಾಯ ಹೇಳಿಕೊಂಡು ಹೋಗುತ್ತಿದ್ದರಂತೆ. “ಅಪ್ಪಾ, ಆ ರೂಮ್ ಖಾಲಿ ಆಗಬೇಕು. ಬಸ್, ಇಷ್ಟ. ಎಲ್ಲಾ ಪ್ರತಿನಿಧಿಗಳು ಹೂಂ ಅಂದ್ರ ಪ್ರಿನ್ಸಿಪಾಲರು ಮಾಡಿ ಕೊಡ್ತಾರ. ಅದಾತು ಅಂದ್ರ ನನಗ ಈ ಲೀಡರ್‌ಗೀಡರ್ ಏನೂ ಬ್ಯಾಡ” ಎಂದು ಅವಳು ಮೊದಲ ದಿನವೇ ಹೇಳಿದಳು.

ನನಗೆ ಈ ಗುರಿ ತೀರ ಸಣ್ಣದೆನಿಸಿತು. ಕೋಣೆಯೆಂಬುದು ಹೊರಗಿನ ವಸ್ತು. ನಾಯಕತ್ವವಾದರೋ ಒಳಗಿನಿಂದ ಆರಂಭವಾಗಬೇಕು. ಆದುದರಿಂದ ಆ ಆಗಸ್ಟ್ ತಿಂಗಳಿನಲ್ಲಿ ಪ್ರತಿದಿನವೂ ಊಟದ ಹೊತ್ತಿಗೆ ನಾನು ವೈಯಕ್ತಿಕ ಮೌಲ್ಯಗಳ ಬಗ್ಗೆ ಕ್ರಮವಾಗಿ ಮಾತನಾಡತೊಡಗಿದೆ. ಸೋಮವಾರ ಸತ್ಯ, ಮಂಗಳವಾರ ಸಮಯಪಾಲನೆ, ಬುಧವಾರ ನಿಷ್ಪಕ್ಷಪಾತ. ಗುರುವಾರ ತ್ಯಾಗದ ಬಗ್ಗೆ ಹೇಳುತ್ತಿದ್ದಾಗ ಕೊನೆಯ ರೊಟ್ಟಿ ನನ್ನ ತಟ್ಟೆಯಲ್ಲೇ ಇತ್ತೆಂದು ಗಿರಿಜಾ ತೋರಿಸಿಕೊಟ್ಟಳು.

“ಅಲ್ರೀ, ಮೌಲ್ಯ ಆಮ್ಯಾಲೆ ಹೇಳ್ರಿ, ಸಾರು ಆರಾಕತ್ತೈತಿ.”

“ಇದೇ ಅದರ ಪ್ರಾಯ, ಗಿರಿಜಾ. ಈಗ ಬೀಳುವ ಅಡಿಪಾಯ...”

“ಅಡಿಪಾಯ ಅಕೀ ತಲೀ ಮ್ಯಾಲೆ ಹಾಕಬ್ಯಾಡ್ರಿ. ಬರೋಬರ್ ನೆಲದ ಮ್ಯಾಲೆ ಹಾಕ್ರಿ.”

ನಾಯಕತ್ವದ ಬಗ್ಗೆ ಮಾತನಾಡುವ ಅಧಿಕಾರ ನನಗೆ ಇಲ್ಲದಿರಲಿಲ್ಲ. ಏಳನೆಯ ಇಯತ್ತೆಯಲ್ಲಿ ನಾನು ಮಾನಿಟರನಾಗಿದ್ದೆ. ಗುರುಗಳು ಹೊರಗೆ ಹೋದಾಗ ಮಾತನಾಡಿದವರ ಹೆಸರನ್ನು ಹಲಗೆಯ ಮೇಲೆ ಬರೆಯುವುದು ನನ್ನ ಕೆಲಸ. ಒಮ್ಮೆ “ಯಾರೂ ಮಾತನಾಡಬಾರದು” ಎಂದು ನಾನೇ ಗಟ್ಟಿಯಾಗಿ ಹೇಳಿ, ಹಾಗೆ ಹೇಳಿದ್ದೂ ಮಾತೇ ಎಂಬ ಅರಿವಾಗಿ, ಎಲ್ಲರಿಗಿಂತ ಮೇಲೆ ನನ್ನ ಹೆಸರನ್ನೇ ಬರೆದೆ. ಗುರುಗಳು ಬಂದು ಹಲಗೆ ನೋಡಿ, ಮೊದಲು ನನಗೆ ಬಿಗಿದು, ಆಮೇಲೆ ಕೈ ನೋವಾಗಿ ಉಳಿದವರನ್ನು ಬಿಟ್ಟರು. ತರಗತಿಯವರು ಮುಂದಿನ ವರ್ಷವೂ ನನ್ನನ್ನೇ ಮಾನಿಟರನನ್ನಾಗಿ ಮಾಡಬೇಕೆಂದು ಒಕ್ಕೊರಲಿನಿಂದ ಕೇಳಿಕೊಂಡರು. ಅದನ್ನು ನಾನು ಪ್ರಾಮಾಣಿಕತೆಗೆ ಸಂದ ಜಯವೆಂದು ಶೈಲಾಳಿಗೆ ವಿವರಿಸಿದೆ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಹೀಗಿರುವಾಗ ಒಂದು ಸಂಜೆ ನಿತಿನ್ ನಮ್ಮ ಮನೆಗೆ ಬಂದ. ಕಾಲೇಜಿನಲ್ಲಿ ಶನಿವಾರ ಮತದಾನ. ಅವನು ಬಂದದ್ದು ಮಂಗಳವಾರ. ಕಾಲು ಮುಟ್ಟಿ ನಮಸ್ಕರಿಸಿ, ಗಿರಿಜಾ ಕೊಟ್ಟ ಚುರುಮುರಿಯನ್ನು ಎರಡು ಸಲ ಹಾಕಿಸಿಕೊಂಡು ತಿಂದ. ಅವನಾಡಿದ್ದು ಮರಾಠಿ ಬೆರೆತ ಹಿಂದಿ. ನಾನಿಲ್ಲಿ ಕನ್ನಡಕ್ಕೆ ತಂದಿದ್ದೇನೆ, ಅವನಲ್ಲಿ ಇಲ್ಲದ ಗಾಂಭೀರ್ಯವೇನಾದರೂ ಅದರಲ್ಲಿ ಸೇರಿಕೊಂಡಿದ್ದರೆ ಓದುಗರು ಅದನ್ನು ಕಳೆದು ಓದಿಕೊಳ್ಳಬೇಕು. ಅವನು ಹೇಳಿದ್ದರ ಸಾರಾಂಶವಿಷ್ಟು. ಅಲ್ಲಿನ ಪದ್ಧತಿಯ ಪ್ರಕಾರ ಮತದಾನಕ್ಕೆ ಮೊದಲು ಅಭ್ಯರ್ಥಿಯು ಪ್ರತಿನಿಧಿಗಳನ್ನೆಲ್ಲ ಜೀಪಿನಲ್ಲಿ ತುಂಬಿಕೊಂಡು ಎಲ್ಲಿಗಾದರೂ ಒಯ್ದು, ಉಣಿಸಿ ತಿನಿಸಿ, ಶನಿವಾರ ಬೆಳಿಗ್ಗೆ ನೇರವಾಗಿ ಮತದಾನದ ಕೋಣೆಗೇ ತಂದು ಇಳಿಸುತ್ತಾನೆ. ಇದಕ್ಕೆ ‘ಸಹಲ್’, ಅಂದರೆ ಪ್ರವಾಸ, ಎಂದು ಹೆಸರು. ಈ ಸಲದ ಸಹಲ್ ಗುರುವಾರ ಹೊರಟು, ನಾಗಪುರದ ಆಚೆ ಬೆಟ್ಟದ ಮೇಲೆ ರಾಮನ ಗುಡಿಯಿರುವ ರಾಮಟೇಕಿಗೆ.

“ಹುಡುಗಿಯರು ಅಲ್ಲಿ ನನ್ನ ಆತ್ಯಾಳ ಮನೆಯಲ್ಲಿ ಇರುತ್ತಾರೆ, ಕಾಕಾ. ನೀವು ಚಿಂತೆ ಮಾಡಬೇಡಿ. ಆತ್ಯಾ ನನ್ನನ್ನೇ ಹೊಡೆಯುತ್ತಾಳೆ” ಎಂದ. ಆತ್ಯಾ ಎಂದರೆ ಅವನ ಸೋದರತ್ತೆ.

“ನಿನ್ನ ಕಡೆಯವರು ಮಾತ್ರ ಬರುತ್ತಾರೋ?”

“ಛೇ, ಎಲ್ಲರೂ. ಅವಿನಾಶನೂ ಬರುತ್ತಾನೆ.”

“ಅವಿನಾಶ ಯಾರು?”

“ನನಗೆ ವಿರುದ್ಧವಾಗಿ ನಿಂತವನು.”

“ವಿರೋಧಿಯನ್ನೂ ಕರೆದೊಯ್ಯುತ್ತೀಯಾ!”

“ಬಿಟ್ಟು ಹೋದರೆ ಪಾಪ, ಅವನೊಬ್ಬನೇ ಇಲ್ಲಿ ಏನು ಮಾಡುತ್ತಾನೆ, ಕಾಕಾ?”

ನಾನು ಎದ್ದು ನಿಂತೆ. ಕುಳಿತು ಹೇಳುವ ಮಾತಲ್ಲ ಅದು. “ನೋಡಪ್ಪಾ, ನನ್ನ ಮಗಳ ಮತ ಮಾರಾಟಕ್ಕಿಲ್ಲ.”

ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ಯಾರು ಕೊಳ್ಳುತ್ತಿದ್ದಾರೆ, ಕಾಕಾ? ಭಜಿ ತಿನ್ನಿಸುತ್ತೇವೆ, ಅಷ್ಟೇ” ಎಂದು ಗಿರಿಜಾಳ ಕಡೆ ನೋಡಿ, ಮತ್ತೊಮ್ಮೆ ಕಾಲು ಮುಟ್ಟಿ, ಹೋದ.

ಅವನು ಹೋದ ಮೇಲೆ ಶೈಲಾ ನನ್ನೆದುರು ಬಂದು ಕುಳಿತಳು. “ಅಪ್ಪಾ, ನಾ ಹೋಗ್ತೀನಿ. ಎಲ್ಲಾರೂ ಒಂದ ಕಡೆ ಸಿಗೂದು ಅಲ್ಲೇ. ಕಾಲೇಜಿನ್ಯಾಗ ಒಬ್ಬಾವ ಕ್ಲಾಸಿನ್ಯಾಗ, ಒಬ್ಬಾವ ಕ್ಯಾಂಟೀನಿನ್ಯಾಗ. ಅಲ್ಲಿ ಕುಂತು ರೂಮಿನ ಮಾತು ಪಕ್ಕಾ ಮಾಡ್ಕೊಂಡು ಬರ್ತೀನಿ. ಯಾರು ರೂಮ್ ಕೊಡ್ತೀನಂತಾರ ಅವರಿಗೆ ನನ್ನ ಓಟು.”

“ಅಂದರೆ ಕೊಡುಕೊಳ್ಳುವಿಕೆ.”

“ಅರೆ, ರೂಮ್ ನಮ್ಮದ ಐತಲ್ಲಪ್ಪಾ! ನಮ್ಮದ ನಮಗ ಕೊಡ್ರಿ ಅನ್ನೂದು ಕೊಡುಕೊಳ್ಳೂದು ಹೆಂಗಾಗ್ತದ?”

ಉತ್ತರವಿಲ್ಲದಾಗ ದನಿ ಏರಿಸುವುದು ಹೈಸ್ಕೂಲಿನಿಂದ ಬಂದ ಅಭ್ಯಾಸ. ಮತವೆಂಬುದು ಅಂತಃಸಾಕ್ಷಿಯ ವಿಷಯವೆಂದೂ, ಭಜಿಯ ವಾಸನೆ ಇರುವಲ್ಲಿ ಅಂತಃಸಾಕ್ಷಿ ಕೆಲಸ ಮಾಡುವುದಿಲ್ಲವೆಂದೂ, ಅವಳು ಹೋಗಕೂಡದೆಂದೂ ಹೇಳಿದೆ. ಆದರೆ ಹೇಳಿದರೆ ಸಾಲದು. ಗುರುವಾರ ಜೀಪು ಬಂದು ಬಾಗಿಲಲ್ಲಿ ನಿಂತರೆ, ಒಳಗಿನಿಂದ ಗೆಳತಿಯರು ಕೂಗಿ ಕರೆದರೆ, ತಾಯಿಯೂ ಕಣ್ಣಲ್ಲೇ ಅನುಮತಿ ಕೊಟ್ಟರೆ ಗತಿಯೇನು? ಎಲ್ಲ ಸಾಧ್ಯತೆಗಳನ್ನೂ ಕ್ರಮಬದ್ಧವಾಗಿ ಯೋಚಿಸಿದೆ. ಬುಧವಾರ ಸಂಜೆ ಕಚೇರಿಗೆ ಎರಡು ದಿನದ ರಜೆ ಬರೆದುಕೊಟ್ಟು ಬಂದು, ಶೈಲಾಳನ್ನು ಆಟೋದಲ್ಲಿ ಕೂರಿಸಿಕೊಂಡು, ಗಾಂಧಿಬಾಗಿನಲ್ಲಿದ್ದ ನನ್ನ ಮೈದುನ ಬಸಣ್ಣನ ಮನೆಗೆ ಹೊರಟೆ. ಶನಿವಾರ ಬೆಳಿಗ್ಗೆ ನಾನೇ ಅವಳನ್ನು ಮತದಾನದ ಕೋಣೆಗೆ ತಂದು ಬಿಡುವುದೆಂದು ನಿರ್ಧಾರ.

ಗಿರಿಜಾ ಬಾಗಿಲಲ್ಲಿ ನಿಂತು ಕೇಳಿದಳು: “ಆ ಹುಡುಗ ಒಯ್ದ್ರ ಅದು ತಪ್ಪು. ನೀವು ಒಯ್ದ್ರ ಅದೇನ್ರಿ?”

“ಅದು ರಕ್ಷಣೆ.”

“ಅಂವ ಭಜೀನರ ಕೊಡ್ತೀನಿ ಅಂದಿದ್ದ” ಎಂದು ಅವಳು ಬಾಗಿಲು ಹಾಕಿಕೊಂಡಳು.

ಬಸಣ್ಣ ಬಾಗಲಕೋಟೆಯ ಕಡೆಯಿಂದ ಬಂದು ಗಾಂಧಿಬಾಗಿನಲ್ಲಿ ಬಟ್ಟೆಯ ಸಗಟು ವ್ಯಾಪಾರಕ್ಕೆ ಕುಳಿತವನು. ಕೆಳಗೆ ಅಂಗಡಿ, ಮೇಲೆ ಮನೆ. ಬೀದಿಯಲ್ಲಿ ಕೈಗಾಡಿಗಳೂ ಸೈಕಲ್ ರಿಕ್ಷಾಗಳೂ ಒಂದರೊಳಗೊಂದು ಸಿಕ್ಕಿಕೊಂಡು, ಬಿಡಿಸುವವರು ಬೈಯುವವರು ಸೇರಿ ದಿನವಿಡೀ ಗದ್ದಲ. ಅಂತಃಸಾಕ್ಷಿಯ ದನಿಯನ್ನು ಆಲಿಸಲು ಅದು ಅತ್ಯುತ್ತಮ ಸ್ಥಳವಾಗಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ನಾನು ಬಂದ ಕಾರಣ ಕೇಳಿ ಬಸಣ್ಣ ಬಟ್ಟೆಯ ತಾನುಗಳ ಮೇಲೆ ಒರಗಿ ನಕ್ಕ.

“ಮಾಸ್ತರ್ರ, ಒಬ್ಬಾಕೀನ ಓಟಿಗೆ ನೀವು ಎರಡು ದಿವಸ ರಜಾ ಹಾಕೀರಿ? ಆ ಹುಡುಗ ಬ್ಯಾಡ್ರಿ, ನಿಮ್ಮನ್ನ ನಿಲ್ಲಿಸಬೇಕು ಎಲೆಕ್ಷನ್ನಿಗೆ.”

“ಇದು ತತ್ತ್ವದ ಪ್ರಶ್ನೆ, ಬಸಣ್ಣ.”

“ಇರವಲ್ದ್ಯಾಕ. ಆದ್ರ ನಮ್ಮ ಪ್ಯಾಟ್ಯಾಗ ಅಂಗಡಿ ಬಾಗಲಾ ಹಾಕ್ಕೊಂಡು ಒಳಗ ಕುಂತು ತತ್ತ್ವ ಹೇಳಿದ್ರ ಒಂದು ತಾನು ಬಟ್ಟೀನೂ ಹೋಗೂದಿಲ್ರಿ. ಹುಡುಗೀನ ಬಿಡ್ರಿ, ಹೋಗಿ ಬರ್ಲಿ. ಜಲ್ದಿ ಹೋದ್ರ ಜೀಪಿನ್ಯಾಗ ಕಿಟಕಿ ಸೀಟಾದ್ರೂ ಸಿಕ್ಕೀತು.”

ನಾನು ಕಿವಿಗೊಡಲಿಲ್ಲ. ಮರುದಿನ ಶೈಲಾ, ಕೆಳಗಿನ ಅಂಗಡಿಯಿಂದ ನಿತಿನನ ಆತ್ಯಾಳ ಮನೆಗೆ ಫೋನು ಮಾಡಿ ಗೆಳತಿಯರ ಜೊತೆ ಮಾತನಾಡುತ್ತೇನೆಂದು ಕೇಳಿದಳು. ಅದು ಹೊರಗಿನ ಪ್ರಭಾವವೆಂದು ಬೇಡವೆಂದೆ. ಸೀತಾಬರ್ಡಿಯ ಪೇಟೆಗೆ ಹೋಗಿ ಒಂದು ಪುಸ್ತಕ ತರುತ್ತೇನೆಂದಳು. ಸೀತಾಬರ್ಡಿಯಲ್ಲಿ ಯಾರು ಬೇಕಾದರೂ ಎದುರಾಗಬಹುದು, ಅದನ್ನೂ ಬೇಡವೆಂದೆ. ಅವಳು ಸಿಟ್ಟು ಮಾಡಲಿಲ್ಲ. ಬಸಣ್ಣನ ಹೆಂಡತಿಯ ಜೊತೆ ಕುಳಿತು ಶೇಂಗಾ ಸುಲಿದಳು. ನಾನು ಎದುರಿಗೆ ಕುರ್ಚಿ ಹಾಕಿಕೊಂಡು, ಯಾರಿಗೆ ಮತ ಕೊಡಬೇಕೆಂಬುದನ್ನು ನಾನೆಂದಿಗೂ ಹೇಳುವುದಿಲ್ಲವೆಂದೂ, ಅದು ಸಂಪೂರ್ಣವಾಗಿ ಅವಳ ಸ್ವಾತಂತ್ರ್ಯವೆಂದೂ ವಿವರಿಸಿದೆ. ಬಾಗಿಲಿಗೆ ಚಿಲಕ ಹಾಕಿತ್ತು.

ಶನಿವಾರ ನಾವು ಕಾಲೇಜು ತಲುಪಿದಾಗ ಜವಾನನೊಬ್ಬನ ಹೊರತು ಅಲ್ಲಿ ಯಾರೂ ಇರಲಿಲ್ಲ. ಸಮಯಪಾಲನೆ ನನ್ನ ಮಂಗಳವಾರದ ವಿಷಯ. ಬಹಳ ಹೊತ್ತು ಕಳೆದ ಮೇಲೆ ಜೀಪು ಬಂತು. ಅದರಿಂದ ಹುಡುಗ ಹುಡುಗಿಯರು ಉಕ್ಕಿ ಬಂದಂತೆ ಹೊರಬಿದ್ದರು: ಹಾಡಿ ಹಾಡಿ ದನಿ ಕಟ್ಟಿತ್ತು, ಮಳೆಯಲ್ಲಿ ಬೆಟ್ಟ ಹತ್ತಿ ಇಳಿದ ಕೆಸರು ಚಪ್ಪಲಿಗಳಲ್ಲಿತ್ತು. ನಿತಿನನೂ ಅವಿನಾಶನೂ ಹೆಗಲ ಮೇಲೆ ಕೈ ಹಾಕಿಕೊಂಡೇ ಇಳಿದರು. ಶೈಲಾಳೂ ಸೇರಿ ಒಳಗೆ ಹೋದವರು ಒಂದು ಚಹಾ ಕುಡಿಯುವಷ್ಟರಲ್ಲಿ ಹೊರಗೆ ಬಂದರು. ಮತದಾನ ನಡೆಯಲೇ ಇಲ್ಲ. ಎಲ್ಲವೂ ರಾಮಟೇಕಿನಲ್ಲೇ ನಿಶ್ಚಯವಾಗಿಬಿಟ್ಟಿತ್ತು. ನಿತಿನ್ ಕಾರ್ಯದರ್ಶಿ, ಅವಿನಾಶ ಹೆಸರು ಹಿಂತೆಗೆದುಕೊಂಡು ವಾರ್ಷಿಕೋತ್ಸವ ವಹಿಸಿಕೊಂಡ, ವಿದ್ಯಾರ್ಥಿನಿಯರ ವಿಭಾಗ, ಮೆಹಂದಿಯ ಸ್ಪರ್ಧೆಯೊಂದಾದರೆ ಸಾಕೆನ್ನುವ ಬೇರೊಬ್ಬ ಹುಡುಗಿಗೆ ಹೋಯಿತು.

ನಿತಿನ್ ನನ್ನನ್ನು ಕಂಡು ಹತ್ತಿರ ಬಂದ. ಅವನ ಮುಖದಲ್ಲಿ ಗೆದ್ದ ಗರ್ವವಾಗಲಿ, ನನ್ನ ಮೇಲೆ ಸಿಟ್ಟಾಗಲಿ ಇರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. “ಹುಡುಗಿಯರ ವಿಭಾಗ ಶೈಲಾಗೇ ಅಂತ ಇಟ್ಟಿದ್ದೆವು, ಕಾಕಾ. ಬೆಟ್ಟ ಹತ್ತುವಾಗಲೂ ನೆನೆಸಿಕೊಂಡೆವು. ಅವಳು ಬರಲಿಲ್ಲ. ಬಂದವರಿಗೆ ಕೊಟ್ಟೆವು.”

“ಆ ಕೋಣೆಯ ವಿಷಯ?” ಎಂದು ಶೈಲಾ ಮರಾಠಿಯಲ್ಲಿ ಕೇಳಿದಳು.

“ಯಾರೂ ಎತ್ತಲಿಲ್ಲ. ನೀನಿದ್ದರೆ ತಾನೇ ಎತ್ತುವುದು?”

ಆಟೋದಲ್ಲಿ ಮನೆಗೆ ಬರುವಾಗ ನಾನು, ಸೋತರೂ ಪರವಾಗಿಲ್ಲ, ನಿನ್ನ ಮತ ಶುದ್ಧವಾಗಿ ಉಳಿಯಿತಲ್ಲ ಎಂದು ಸಮಾಧಾನ ಹೇಳಿದೆ. ಶೈಲಾ ಹೊರಗೆ ನೋಡುತ್ತಿದ್ದಳು. “ಹೌದಪ್ಪಾ. ನನ್ನ ಓಟು ಸೇಫ್ ಐತಿ. ಎಲ್ಲಿ ಇಟ್ಕೊಳ್ಳಿ ಅದನ್ನ?” ಎಂದಳು. ಆಟೋದವನಿಗೆ ಕನ್ನಡ ಬಾರದಿದ್ದದ್ದು ಒಳ್ಳೆಯದಾಯಿತು.

ಅನಂತರದ ದಿನಗಳಲ್ಲಿ ಅವಳು ನನ್ನೊಂದಿಗೆ ಜಗಳವಾಡಲಿಲ್ಲ. ನೀರು ಕೇಳಿದರೆ ನೀರು, ಪತ್ರಿಕೆ ಕೇಳಿದರೆ ಪತ್ರಿಕೆ. ಕಚೇರಿಯ ಪತ್ರವ್ಯವಹಾರದಲ್ಲಿ ನಾನು ಬಹುವಾಗಿ ಮೆಚ್ಚುವ ಆ ನಿರ್ಲಿಪ್ತ ಸೌಜನ್ಯ ಮನೆಯೊಳಗೆ ಇಷ್ಟು ತಣ್ಣಗಿರುತ್ತದೆಂದು ನನಗೆ ತಿಳಿದಿರಲಿಲ್ಲ. ಕಾಲೇಜಿನಲ್ಲಿ ಹುಡುಗಿಯರು ಮೆಟ್ಟಿಲ ತಿರುವಿನಲ್ಲೇ ಊಟ ಮಾಡುತ್ತಿದ್ದರು. ಈಗ ಅವರು ಶೈಲಾಳನ್ನು ಏನನ್ನೂ ಕೇಳುತ್ತಿರಲಿಲ್ಲವಂತೆ. ಅಪ್ಪ ಚಿಲಕ ಹಾಕಿಟ್ಟ ಪ್ರತಿನಿಧಿಯನ್ನು ಯಾರು ಏನು ಕೇಳಿಯಾರು? ಊಟದ ಹೊತ್ತಿನ ನನ್ನ ಉಪನ್ಯಾಸಗಳು ತಾವಾಗಿಯೇ ನಿಂತುಹೋದವು. ಮೌಲ್ಯಗಳ ಮೇಲೆ ನಂಬಿಕೆ ಕುಂದಿತ್ತೆಂದಲ್ಲ. ಕೇಳುವವರಿಬ್ಬರೂ ನಾನು ಬರುವ ಮೊದಲೇ ಉಂಡು ಏಳುತ್ತಿದ್ದರು.

ಗಣಪತಿ ಹಬ್ಬ ಮುಗಿದ ಮೇಲೆ ಒಂದು ಶನಿವಾರ ಗಿರಿಜಾ, ಮರುದಿನ ಆ ಪ್ರತಿನಿಧಿಗಳೆಲ್ಲ ನಮ್ಮಲ್ಲಿಗೆ ಊಟಕ್ಕೆ ಬರುತ್ತಾರೆಂದು ತಿಳಿಸಿದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಹೇಳಿಕಳಿಸಿದವಳು ಶೈಲಾ.

“ಇದೂ ಒಂದು ಸಹಲ್ ಆಗಲಿಲ್ಲವೇ?” ಎಂದೆ.

“ಇಲ್ರಿ. ಇದು ಊಟ. ಮತ್ತ ನೀವು ನಾಳೆ ಬಸಣ್ಣನ ಮನೀಗೆ ಹೋಗಿ ಬರ್ರಿ.”

“ನಾನೇಕೆ?”

“ನೀವಿದ್ರ ಹುಡುಗ್ರು ಬಾಯಿ ಬಿಡೂದಿಲ್ಲ. ತಿನ್ನಾಕೂ ಬಿಡೂದಿಲ್ಲ, ಮಾತಾಡಾಕೂ ಬಿಡೂದಿಲ್ಲ. ನೀವ ಅಂದಿದ್ರಲ್ಲ, ಹೊರಗಿನ ಪ್ರಭಾವ ಇರಬಾರದು ಅಂತ.”

ಭಾನುವಾರವಿಡೀ ನಾನು ಗಾಂಧಿಬಾಗಿನಲ್ಲಿದ್ದೆ. ಬಸಣ್ಣ ಈ ಸಲ ನಗಲಿಲ್ಲ. ಬಾಗಿಲಿಗೆ ಚಿಲಕ ಹಾಕಲೇ ಎಂದು ಮಾತ್ರ ವಿನಯದಿಂದ ಕೇಳಿದ. ಸಂಜೆ ಮರಳಿದಾಗ ಅತಿಥಿಗಳು ಹೋಗಿದ್ದರು. ಕೊನೆಯವನಾದ ನಿತಿನ್ ಬಾಗಿಲಲ್ಲಿ ಬೂಟು ಕಟ್ಟಿಕೊಳ್ಳುತ್ತಿದ್ದ. “ಆಗಿಹೋಯಿತು, ಕಾಕಾ. ಒಮ್ಮತದ ತೀರ್ಮಾನ. ನಾಳೆ ಹುಡುಗಿಯರ ಕೋಣೆ ಖಾಲಿ. ಪ್ರಿನ್ಸಿಪಾಲರಿಗೆ ನಾನೇ ಹೇಳುತ್ತೇನೆ” ಎಂದು ಕಾಲು ಮುಟ್ಟಿದ. ಎದ್ದು ನಿಂತಾಗ ಅವನು ನನ್ನನ್ನು ನೋಡಿದ ನೋಟದಲ್ಲಿ, ಸಾವಿನ ಮನೆಯಲ್ಲಿ ಹಿರಿಯರನ್ನು ನೋಡುವಾಗ ಇರುವಂತಹ ಒಂದು ಮೃದುತ್ವವಿತ್ತು. ಆಗ ನನಗೆ ಅರ್ಥವಾಗಲಿಲ್ಲ.

ಒಳಗೆ ಶೈಲಾ ಹಲವು ವಾರಗಳ ನಂತರ ನನ್ನನ್ನು ನೋಡಿ ನಕ್ಕಳು; ನನಗೆಂದು ಎತ್ತಿಟ್ಟಿದ್ದ ಹೋಳಿಗೆಯನ್ನು ತಟ್ಟೆಗೆ ಹಾಕಿ ತಂದಳು. ನಡೆದದ್ದನ್ನು ಅವಳೇ ಹೇಳಿದಳು. ಕೋಣೆ ಬಿಟ್ಟುಕೊಡಲು ಯಾರಿಗೂ ಅಡ್ಡಿಯಿರಲಿಲ್ಲವಂತೆ. ಯಾರೂ ಇದುವರೆಗೆ ಎದುರಿಗೆ ಕುಳಿತು ಕೇಳಿರಲಿಲ್ಲ, ಅಷ್ಟೇ. ತೊಡಕು ಒಂದೇ: ಆ ಕ್ರಿಕೆಟ್ ಸಾಮಾನನ್ನು ಎಲ್ಲಿಡುವುದು? ಕಾಲೇಜಿನಲ್ಲಿ ಬೇರೆ ಜಾಗವಿಲ್ಲ. ಎಲ್ಲರೂ ಹೋಳಿಗೆ ಕೈಯಲ್ಲಿ ಹಿಡಿದು ಯೋಚಿಸುತ್ತಿದ್ದಾಗ ಶೈಲಾ ಎದ್ದು ಹೋಗಿ ಹಿಂಭಾಗದ ಕೋಣೆಯ ಬಾಗಿಲು ತೆರೆದು ತೋರಿಸಿದಳಂತೆ. ಕಾಲೇಜಿನ ಮೈದಾನ ನಮ್ಮ ಮನೆಗೆ ಹತ್ತಿರ. ಆಡುವವರು ಬಂದು ಒಯ್ದು, ಆಡಿ, ತಂದಿಡಬಹುದು.

ಹಿಂಭಾಗದ ಕೋಣೆ ನನ್ನದು. ಶಬ್ದಕೋಶಗಳು, ವ್ಯಾಕರಣದ ಪುಸ್ತಕಗಳು, ಒಂದು ಮೇಜು, ಒಂದು ಕುರ್ಚಿ. ಅಲ್ಲಿ ಕುಳಿತು ನಾನು ಬೆಳಗಿನ ಪತ್ರಿಕೆಯ ತಪ್ಪುಗಳನ್ನು ಗುರುತು ಹಾಕುತ್ತಿದ್ದೆ.

“ಯಾರನ್ನು ಕೇಳಿ ಒಪ್ಪಿಕೊಂಡೆ?” ಎಂದೆ.

“ಎಲ್ಲಾರನ್ನೂ ಕೇಳಿದೆನಪ್ಪಾ. ಎಲ್ಲಾರೂ ಹೂಂ ಅಂದ್ರು. ಅವ್ವಾನೂ ಹೂಂ ಅಂದ್ಲು. ನೀವ ಇರಲಿಲ್ಲ.”

ಹೋಳಿಗೆ ಬಾಯಲ್ಲಿದ್ದದ್ದರಿಂದ ನನಗೆ ತಕ್ಷಣ ಪ್ರತಿಭಟಿಸಲಾಗಲಿಲ್ಲ. ನುಂಗಿದ ಮೇಲೆ ಪ್ರತಿಭಟಿಸಲು ತಕ್ಕ ಮೌಲ್ಯವೊಂದು ಹೊಳೆಯಲಿಲ್ಲ. ಮರುದಿನ ಜೀಪು ನಿಜವಾಗಿಯೂ ನಮ್ಮ ಬಾಗಿಲಿಗೆ ಬಂದು ನಿಂತಿತು. ಮ್ಯಾಟಿನ ಸುರುಳಿ ಎಷ್ಟು ಉದ್ದವಾಗಿತ್ತೆಂದರೆ ಅದರ ಒಂದು ತುದಿ ನನ್ನ ಮೇಜಿನ ಮೇಲೆ, ಇನ್ನೊಂದು ತುದಿ ನಡುಮನೆಯಲ್ಲಿ. ಬೆವರಿನ ವಾಸನೆಯ ಪ್ಯಾಡುಗಳನ್ನು ಹುಡುಗರು ವ್ಯಾಕರಣದ ಪುಸ್ತಕಗಳ ಮೇಲೆ ಅಂದವಾಗಿ ಜೋಡಿಸಿದರು. ಹೋಗುವಾಗ ಒಬ್ಬೊಬ್ಬರಾಗಿ ಕಾಲು ಮುಟ್ಟಿದರು. ಅಂದು ಮಧ್ಯಾಹ್ನ ಹುಡುಗಿಯರು ಬಾಗಿಲು ಹಾಕಿಕೊಂಡು, ಕುಳಿತು, ಮುಚ್ಚಳವನ್ನು ನೆಲದ ಮೇಲಿಟ್ಟು ಊಟ ಮಾಡಿದರಂತೆ. ಯಾರ ಪಲ್ಯದ ಬಗ್ಗೆಯೂ ಯಾರೂ ಏನೂ ಹೇಳಲಿಲ್ಲವಂತೆ. ಊಟದ ಮೇಜಿನ ಒಂದು ಮೂಲೆಯಲ್ಲಿ, ಗಿರಿಜಾ ಉಪ್ಪಿನಕಾಯಿಯ ಭರಣಿಯನ್ನು ಸರಿಸಿ ಮಾಡಿಕೊಟ್ಟ ಜಾಗದಲ್ಲಿ ಕುಳಿತು, ಮುಂದೆ ಯಾರಾದರೂ ಕೇಳಬಹುದೆಂದು ನಾನು ಬರೆದುಕೊಂಡೆ: ವಿದ್ಯಾರ್ಥಿನಿಯರ ಕೋಣೆ ಬರಿದಾದದ್ದೂ ನನ್ನ ಕೋಣೆ ತುಂಬಿದ್ದೂ 1997ನೆಯ ಸೆಪ್ಟೆಂಬರ್ ಇಪ್ಪತ್ತೆರಡು, ಸೋಮವಾರ.